ಬಾಗಿಲಿನ ಮೊಳೆತೂತು ಮುಚ್ಚುವ ಕಾಶಮ್ಮ

ಬೆಳಗಿನ ಐದೂವರೆ. ಸೋನಾರ್‌ಪುರದ ಹಿಂದಿನ ಗಲ್ಲಿಯ ಮಠದ ಅಂಗಳದಲ್ಲಿ ತೇಗದ ಹೊಸ ಬಾಗಿಲನ್ನು ಮಲಗಿಸಿಕೊಂಡು ಅರವತ್ತೆರಡರ ಕಾಶಮ್ಮ ಸೂಜಿ ಹಿಡಿದು ಕೂತಿದ್ದಾರೆ. ಬಾಗಿಲಿನ ಅಂಚುಪಟ್ಟಿಗಳಲ್ಲಿ ಮೊಳೆ ಒಳಗಿಳಿದ ಎಂಬತ್ತನಾಲ್ಕು ತೂತು. ಒಂದೊಂದರಲ್ಲೂ ವಿಭೂತಿ.

ತಪ್ಪು ಮಠದ ಪೂಜೆ ನೋಡಿಕೊಳ್ಳುವ ವಿಶ್ವಾರಾಧ್ಯರದು. ಹೊಸ ಬಾಗಿಲು ಬಂತೆಂದು ನಿನ್ನೆ ಸಂಜೆ ಪೂಜೆ ಮಾಡಿ, ಪಾಲಿಶ್ ಕಾಣದ ಬರಿ ಮರಕ್ಕೆ ನೀರಲ್ಲಿ ಕಲಸಿದ ವಿಭೂತಿ ಧಾರಾಳವಾಗಿ ಬಳಿದಿದ್ದಾರೆ. ಮೇಲಿನದು ಒರೆಸಿ ಉಜ್ಜಿದರೆ ಹೋಯಿತು, ಒಳಗಿನದು ಗಟ್ಟಿಯಾಗಿ ಕೂತಿದೆ.

"ತೂತು ಕಂಡ್ವು, ಹಂಗ ಮುಚ್ಚಿಬಿಟ್ಟೆ" ಎನ್ನುತ್ತಾರೆ ಅವರು, ತಲೆ ಕೆರೆದುಕೊಂಡು.

"ಅಯ್ಯಾರ, ದೇವರಿಗೆ ಹಚ್ಚೂದು ನಿಮ್ಮ ಕೆಲಸ. ಬಾಗಲಾ ನನಗ ಬಿಡ್ರಿ" ಎಂದು ಕಾಶಮ್ಮ ಮತ್ತೆ ಬಗ್ಗುತ್ತಾರೆ.

ನಗುವ ವಿಷಯವಲ್ಲ. ವಿಭೂತಿ ಉಳಿದರೆ ಪಾಲಿಶ್ ಆದ ಮೇಲೆ ಬಾಗಿಲಿಗೆ ಸಿಡುಬು ಎದ್ದಂತಿರುತ್ತದೆ. ಮೊಳೆಯನ್ನೂ ತಾನೇ ಸೊಟ್ಟಸೊಟ್ಟ ಹೊಡೆದ ಗುತ್ತಿಗೆದಾರ ಕಾಂತೇಶ್ ಮೊದಲೇ ಹೇಳಿದ್ದಾನೆ: ಇದರಲ್ಲಿ ಒಂದು ಚುಕ್ಕೆ ಕಂಡರೂ ಉಳಿದ ಹನ್ನೊಂದು ಕೋಣೆಗೆ ಪ್ಲೈವುಡ್ ಬಾಗಿಲು, ಮೇಲೆ ಮೈಕಾ ಹಾಳೆ. ಮೈಕಾ ಅಂಟಿಸಿದರೆ ತೂತೇ ಕಾಣದು, ಕಾಶಮ್ಮ ಬೇಕಿಲ್ಲ.

ಬಡಗಿಗಳು ತೂತು ಮುಚ್ಚುವುದನ್ನು ಒಂದು ಕೆಲಸವೆಂದೇ ಎಣಿಸುವುದಿಲ್ಲ, ಸೋಮಾರಿಗಳು. ಗಂಡ ದಾನಯ್ಯ ಬಾಗಿಲು ಕೂಡಿಸುತ್ತಿದ್ದಾಗ ತೂತು ಹೆಂಡತಿಯ ಪಾಲು. ಅವರು ತೀರಿಹೋಗಿ ಒಂಬತ್ತು ವರ್ಷವಾಯಿತು, ಅಂದಿನಿಂದ ಇದೇ ಅನ್ನ. "ಬೈದು ಬೈದು ಕಲಿಸಿದ. ಆವಾಗ ಸಿಟ್ಟು ಬರತಿತ್ತು. ಈಗ ದಿನಾ ಕೈ ಮುಗೀತೀನಿ" ಎನ್ನುತ್ತಾರೆ ಕಾಶಮ್ಮ.

ಕಲಿಸಿದ್ದು ಇಷ್ಟು. ಬಾಗಿಲಿನ ಅದೇ ಹಲಗೆಯನ್ನು ರೇಗ್‌ಮಾಲ್ ಎಂಬ ಮರಳುಕಾಗದದಲ್ಲಿ ಉಜ್ಜಿದಾಗ ಉದುರುವ ಪುಡಿ, ಅದಕ್ಕೆ ತುಸು ಅಂಟು. ಮೊದಲು ತುಂಡು ಮರದ ಮೇಲೆ ತುಂಬಿ, ಒಣಗಿಸಿ, ಪಾಲಿಶ್ ಸವರಿ ನೋಡುವುದು. "ಬರಿ ಮರದಾಗ ಎಲ್ಲಾ ಬಣ್ಣಾನೂ ಹೊಂದೇದ ಅನಸತದ. ಪಾಲಿಶ್ ಬಿದ್ದ ಮ್ಯಾಲೆ ನಿಜ ಹೊರಗ ಬರತದ." ಆಮೇಲೆ ಬಿದಿರುಕಡ್ಡಿಯಲ್ಲಿ ತೂತಿಗಷ್ಟೇ ತುಂಬಬೇಕು. ಸುತ್ತ ಅಂಟು ಹರಡಿದರೆ ಅಲ್ಲಿ ಮರ ಪಾಲಿಶ್ ಕುಡಿಯುವುದಿಲ್ಲ, ಕಲೆ ಖಾಯಂ. ಕೂದಲಷ್ಟು ಉಬ್ಬಿಸಿಟ್ಟು, ಒಣಗಿದ ಮೇಲೆ ಸಮ ಮಾಡುವುದು.

ಎಂಟಕ್ಕೆ ಕೊನೆಯ ತೂತಿನ ವಿಭೂತಿ ಹೊರಬಂತು. ಹತ್ತೂವರೆಗೆ ಎಂಬತ್ತನಾಲ್ಕೂ ತುಂಬಿದವು. ಮಧ್ಯಾಹ್ನ ನಾಲ್ಕಕ್ಕೆ ಪಾಲಿಶ್ ಬೀಳುತ್ತದೆ. ಕಾಂತೇಶ್ ಮೊಬೈಲಿನ ಬೆಳಕು ಬಿಟ್ಟುಕೊಂಡು ಮೇಲಿಂದ ಕೆಳಗೆ ಹುಡುಕುತ್ತಾನೆ. ಕಾಶಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಾರೆ.

"ಅವ್ವಾ, ತೂತು ಎಲ್ಲಿ ಹೋದ್ವು?"

"ಹೊಡದಾಂವ ನೀನು. ನೀನ ಹುಡುಕು."

ಇನ್ನೊಮ್ಮೆ ಹುಡುಕಿ ಅವನು ಮೊಬೈಲು ಆರಿಸುತ್ತಾನೆ. "ನಾಳೆ ಎರಡನೇ ಬಾಗಲಾ ಕಳಸ್ತೀನಿ. ತೇಗದ್ದ."

"ಕಳಸಪ್ಪ. ಈ ವಯಸ್ಸಿನ್ಯಾಗ ಕೈಗೆ ಕೆಲಸ ಕೊಟ್ಟಿ, ನಿನಗ ಒಳ್ಳೇದಾಗಲಿ" ಎನ್ನುತ್ತಾರೆ ಕಾಶಮ್ಮ. "ಆದ್ರ ಮೊಳಿ ಇನ್ನ ಮ್ಯಾಲಾದ್ರೂ ನೆಟ್ಟಗ ಹೊಡಿ."