ರೇಷ್ಮೆ ಸೀರೆ ಹೊದ್ದ ಪುಡಿ ಮಿಷನ್

ನಿವೃತ್ತಿಯಾದ ಮೇಲೆ ನಾನು ಕಂಡುಕೊಂಡ ಮೊದಲ ಸತ್ಯವೆಂದರೆ, ಹಿಂದೂಪುರದ ನಮ್ಮ ಮನೆಯಲ್ಲಿ ಕಾಲು ಚಾಚಿ ಕೂರಲು ಜಾಗವಿಲ್ಲ ಎಂಬುದು. ನಡುಮನೆಯನ್ನು ಪುಡಿ ಮಾಡುವ ಮಿಷನ್ ಹಿಡಿದುಕೊಂಡಿದೆ. ಅದರ ಸುತ್ತ ಒಣಮೆಣಸಿನಕಾಯಿ ಮೂಟೆ, ಪ್ಯಾಕೆಟ್ಟುಗಳ ಗುಡ್ಡೆ. ನನ್ನ ಹೆಂಡತಿ ಗಿರಿಜೆಯ ಚಟ್ನಿಪುಡಿ ಊರಿಗೆಲ್ಲ ಹೋಗುತ್ತದೆ. ಕಡಲೆಕಾಯಿ ಬೀಜ ಮಾತ್ರ ಅವಳ ತವರು ಕಲ್ಯಾಣದುರ್ಗದಿಂದಲೇ ಬಸ್ಸಿನಲ್ಲಿ ಬರಬೇಕು. ಬೇರೆ ಬೀಜಕ್ಕೆ ರುಚಿಯಿಲ್ಲವಂತೆ. ತವರಿನ ವಿಷಯದಲ್ಲಿ ವಾದ ಮಾಡುವಷ್ಟು ದಡ್ಡ ನಾನಲ್ಲ.

ಇಷ್ಟೆಲ್ಲ ನಡೆಸಿಯೂ, ಯಾರಾದರೂ "ಏನ್ ಮಾಡ್ತೀಯಮ್ಮ?" ಎಂದರೆ ಅವಳದು ಒಂದೇ ಉತ್ತರ: "ಏನಿಲ್ಲ, ಸುಮ್ಕೆ ಮನೇಲಿರ್ತೀನಿ."

ಒಂದು ದಿನ ಮಿಷನ್ನಿನ ವೈರು ಚಟಪಟ ಕಿಡಿ ಹಾರಿಸಿತು. ಅನಾಹುತವೇನೂ ಆಗಲಿಲ್ಲ, ಆದರೆ ಅವಳ ಮುಖ ಬಾಡಿಹೋಯಿತು. "ಇದು ಸುಟ್ಟೋದ್ರೆ ನನ್ ಕೈ ಮುರ್ದಂಗೆ ಕಣ್ರೀ," ಎಂದಳು. ಮನೆಗೆ ವಿಮೆ ಇದೆಯಲ್ಲ ಎಂದು ನಾನು ಧೈರ್ಯ ಹೇಳಿದೆ. ವಿಚಾರಿಸಿದರೆ, ಆ ವಿಮೆ ಮಂಚಕ್ಕೂ ಬೀರುವಿಗೂ ಉಂಟು, ವ್ಯಾಪಾರದ ಮಿಷನ್ನಿಗಿಲ್ಲ. ಅದನ್ನು ಬೇರೆಯಾಗಿ ಸೇರಿಸಬೇಕು. ಮೊದಲು ಆಫೀಸಿನವರು ಬಂದು ವ್ಯಾಪಾರವನ್ನು ಕಣ್ಣಾರೆ ನೋಡಬೇಕು.

ಹಿಂದೆ ನೇಕಾರರ ಮನೆಯಲ್ಲಿ ಮಗ್ಗದ ಪಕ್ಕದಲ್ಲೇ ತೊಟ್ಟಿಲು ತೂಗುತ್ತಿತ್ತು. ಕುಂಬಾರರ ಅಂಗಳದಲ್ಲಿ ತಿಗರಿಯ ಪಕ್ಕ ಹಪ್ಪಳ ಒಣಗುತ್ತಿತ್ತು. ಮನೆ ಎಲ್ಲಿ ಮುಗಿಯಿತು, ಕಸುಬು ಎಲ್ಲಿ ಶುರುವಾಯಿತು ಎಂದು ಯಾರೂ ಗೆರೆ ಎಳೆದಿರಲಿಲ್ಲ. ಆ ಗೆರೆಯನ್ನು ಎಳೆದವರು ವಿಮೆಯವರೇ ಇರಬೇಕು.

ಅವರು ಬರುವ ದಿನ ನಾನು ಹಾಲು ತರುವಷ್ಟರಲ್ಲಿ ವ್ಯಾಪಾರವೇ ಮಾಯವಾಗಿತ್ತು. ಮೂಟೆಗಳು ಪಕ್ಕದ ಮನೆ ಸೇರಿದ್ದವು. ಮಿಷನ್ನಿಗೆ ರೇಷ್ಮೆ ಸೀರೆ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದಳು.

"ಅವ್ರು ನೋಡಕ್ ಬತ್ತಿರೋದೇ ಇದನ್ನ ಕಣೇ!" ಎಂದೆ.

"ಆಫೀಸ್ನೋರು ಮನೆಗ್ ಬಂದ್ರೆ ಖಾರದ್ ಮೂಟೆ ಮುಂದೆ ಕೂರ್ಸಕ್ಕಾಯ್ತದಾ? ಮರ್ಯಾದೆ ಬ್ಯಾಡ್ವಾ?"

ಅಷ್ಟರಲ್ಲಿ ವಿಮೆ ಆಫೀಸಿನವರೊಬ್ಬರು ಬಂದೇಬಿಟ್ಟರು. ಸುತ್ತ ಕಣ್ಣಾಡಿಸಿ, "ಬಿಸಿನೆಸ್ ಎಕ್ಕಡ ಸಾರ್?" ಎಂದು, ವ್ಯಾಪಾರ ಎಲ್ಲಿದೆ ಅಂತ ತೆಲುಗಿನಲ್ಲಿ ಕೇಳಿದರು. ನಾನು ಉಪಚಾರಕ್ಕೆಂದು ಫ್ಯಾನ್ ಹಾಕಿದೆ. ಅದರ ರೆಕ್ಕೆಗಳ ಮೇಲೆ ಬಹುಕಾಲದಿಂದ ಕೂತಿದ್ದ ಮೆಣಸಿನಪುಡಿ ನಮ್ಮ ಮೇಲೆ ಇಳಿಯಿತು. ಅವರು ಸೀನಿದರು, ನಾನೂ ಸೀನಿದೆ.

ಅವರು ಕಣ್ಣೊರೆಸಿಕೊಳ್ಳುತ್ತ, "ವ್ಯಾಪಾರ ಐತೆ, ನಂಬ್ದೆ. ಯಾರ್ದಮ್ಮ ಇದು, ಸಾರ್ದಾ?" ಎಂದರು.

ಅಭ್ಯಾಸಬಲದಿಂದ ಗಿರಿಜೆಯ ಕೈ ನನ್ನತ್ತ ಏಳತೊಡಗಿತು, ಅರ್ಧದಲ್ಲೇ ನಿಂತಿತು. ಕುಂಡ ಕೆಳಗಿಟ್ಟು, ಸೀರೆ ಎಳೆದುಹಾಕಿ, ಮಿಷನ್ನಿನ ಮೇಲೆ ಅದೇ ಕೈಯಿಟ್ಟಳು.

"ನಂದೇ ಕಣಪ್ಪ. ನಾನೇ ನಡ್ಸೋದು."

ನನಗೆ ತುಂಬ ಹೆಮ್ಮೆಯಾಯಿತು. ಕಣ್ಣಲ್ಲಿ ಬಂದ ನೀರನ್ನು ಮೆಣಸಿನಕಾಯಿಯ ಲೆಕ್ಕಕ್ಕೆ ಹಾಕಿದೆ. ಅವರು ಅವಳನ್ನೂ ಮಿಷನ್ನನ್ನೂ ಸೇರಿಸಿ ಫೋಟೋ ತೆಗೆಯುವಾಗ, "ಸಾರ್, ನೀವು ಒಸಿ ಪಕ್ಕಕ್ಕೆ ಜರುಗಿ," ಎಂದರು. ಜರುಗಿದೆ.

ವಿಮೆ ಸಿಕ್ಕಿತು. ಮೊನ್ನೆ ಕಲ್ಯಾಣದುರ್ಗಕ್ಕೆ ಹೋದಾಗ ಅವಳ ತವರಿನ ಪಕ್ಕದ ಮನೆ ಅಜ್ಜಿ ವಾಡಿಕೆಯಂತೆ ವಿಚಾರಿಸಿದರು, "ಏನ್ ಮಾಡ್ತೀಯಮ್ಮ?"

"ಚಟ್ನಿಪುಡಿ ವ್ಯಾಪಾರ ಐತಜ್ಜಿ ನಂದು," ಎಂದಳು ಗಿರಿಜೆ, ಸೆರಗು ಸರಿಮಾಡಿಕೊಂಡು.

ಅಜ್ಜಿ ನನ್ನತ್ತ ತಿರುಗಿದರು. "ನೀನೇನ್ ಮಾಡ್ತೀಯಪ್ಪ?"

"ಏನಿಲ್ಲಜ್ಜಿ," ಎಂದೆ, "ಸುಮ್ಕೆ ಮನೇಲಿರ್ತೀನಿ."