ಗೋಲಿನಲ್ಲಿ ನಿಂತ ಕಫೀಲ್

ಒಮಾನಿನ ಬರ್ಕಾದಲ್ಲಿ ಬಾಡಿಗೆ ವಿಲ್ಲಾ ಒಂದರಲ್ಲಿ ಆಗಷ್ಟೇ ಶುರುವಾಗಿದ್ದ ಕಾಲೇಜಿಗೆ ನಾನೇ ಮೊದಲ ಫುಟ್‌ಬಾಲ್ ಕೋಚ್. ಮೊದಲ ಬಾಸ್ಕೆಟ್‌ಬಾಲ್ ಕೋಚ್ ಕೂಡ ನಾನೇ. ಎರಡು ಆಟ, ಒಂದೇ ಸಂಬಳ. ಧಾರವಾಡದಲ್ಲಿ ಸಹಿ ಹಾಕುವಾಗ ಅದನ್ನು ನಾನು ಗೌರವವೆಂದೇ ತಿಳಿದಿದ್ದೆ. ಫುಟ್‌ಬಾಲ್ ಮೈದಾನವೆಂದರೆ ವಿಲ್ಲಾದ ಹಿಂದಿನ ಜಲ್ಲಿಕಲ್ಲಿನ ಬಯಲು. ಬಾಸ್ಕೆಟ್‌ಬಾಲ್ ರಿಂಗನ್ನು ಕಾಂಪೌಂಡ್ ಗೋಡೆಗೆ ಹೊಡೆದಿದ್ದರು, ಸರಿಯಾಗಿ ಪ್ರಿನ್ಸಿಪಾಲರು ಕಾರು ನಿಲ್ಲಿಸುವ ಜಾಗದ ಮೇಲೆ. ಅವರು ಬ್ಯಾಂಕ್ ಕೆಲಸಕ್ಕೆಂದು ದೂರದ ಪೇಟೆ ರೂವಿಗೆ ಹೋದ ದಿನ ಮಾತ್ರ ನಮ್ಮ ಹುಡುಗರು ಬಾಸ್ಕೆಟ್‌ಬಾಲ್ ಆಟಗಾರರು.

ಪ್ರಿನ್ಸಿಪಾಲರು ಮಂಗಳೂರು ಕಡೆಯವರು. ರಂಜಾನಿಗೆ ಮುಂಚೆ ಒಮ್ಮೆ ನನ್ನನ್ನು ಕರೆಸಿದರು.

“ನೋಡಿ ಮಾರಾಯ್ರೆ, ಈದ್ ಆದ ಮೇಲೆ ರೂವಿಯ ಕಾಲೇಜಿನೊಟ್ಟಿಗೆ ಫುಟ್‌ಬಾಲ್ ಮ್ಯಾಚ್ ಉಂಟು. ಗೆದ್ರೆ ನಿಮ್ಮ ವೀಸಾ ರಿನ್ಯೂ. ಸೋತ್ರೆ ಖಲಾಸ್. ಕೋಚ್ ಪೋಸ್ಟೇ ಬೇಡ ಅಂತ ಕಫೀಲಿಗೆ ಹೇಳ್ತೇನೆ.”

ಕಫೀಲ್ ಎಂದರೆ ಕಾಲೇಜಿನ ಒಮಾನಿ ಒಡೆಯ. ನಾವೆಲ್ಲ ಆ ದೇಶದಲ್ಲಿ ಉಸಿರಾಡುತ್ತಿದ್ದದ್ದೇ ಅವರ ಸಹಿಯಿಂದ.

“ಆಗ್ಲಿರೀ ಸರ. ಆದ್ರ ದಿನಾ ಪ್ರಾಕ್ಟೀಸ್ ಬೇಕಾಗ್ತದರೀ.”

“ರಂಜಾನಿನಲ್ಲಿ ಪ್ರಾಕ್ಟೀಸಾ? ಉಪವಾಸದ ಮಕ್ಕಳನ್ನು ಓಡಿಸಿ ನಮ್ಮನ್ನೆಲ್ಲ ಊರಿಗೆ ಕಳಿಸ್ತೀರಾ? ಈದ್ ತನಕ ಬಂದ್!”

ಅಂದರೆ ಗೆಲ್ಲಬೇಕು, ಆದರೆ ಆಡಬಾರದು. ಈಜು ಕಲಿಯುವ ತನಕ ನೀರಿಗಿಳಿಯಬೇಡ ಎಂದ ಹಾಗೆ. ಮನೆಯಲ್ಲಿ ಹೇಳಿದರೆ ಹೆಂಡತಿ ಕೇಳಿದ್ದು ಒಂದೇ ಮಾತು: “ಹುಡುಗೀನ ಶಾಲಿ ನಡುವ ಬಿಡಿಸ್ಕೊಂಡು ಹೋಗೂದೇನ್ರೀ?” ನನಗೂ ಅದೇ ಭಯವಿತ್ತು, ಬೇಕಾದಷ್ಟು.

ಉಪವಾಸ ಶುರುವಾಗಿ ವಾರ ಕಳೆದಿರಬೇಕು. ಸಂಜೆ ಸಪ್ಪೆ ಮುಖ ಹೊತ್ತು ಕಡಲ ಕಡೆ ನಡೆದೆ. ನೋಡಿದರೆ ಊರಿಗೆ ಊರೇ ಮರಳಿನ ಮೇಲೆ ಫುಟ್‌ಬಾಲ್ ಆಡುತ್ತಿದೆ! ಉಪವಾಸ ಬಿಡುವ ಮುಂಚಿನ ಆ ಒಂದು ತಾಸು ಅಲ್ಲಿ ಆಟಕ್ಕೇ ಮೀಸಲು. ಅದೇ ಹೊತ್ತಿಗೆ ಮನೆಯ ಬಾಗಿಲು ಹಾಕಿಕೊಂಡು, ಯಾರಿಗೂ ವಾಸನೆ ಹೋಗದಂತೆ ಭಜಿ ಕರಿಯುವ ನಮಗೆ ಇದು ತಿಳಿಯುವುದಾದರೂ ಹೇಗೆ? ನನ್ನ ತಂಡವೂ ಅಲ್ಲೇ ಇತ್ತು, ಬರಿಗಾಲಲ್ಲಿ. ಕ್ಯಾಪ್ಟನ್ ಓಡಿ ಬಂದು ಕೈ ಹಿಡಿದು ತನ್ನ ಹರಕು ಹಿಂದಿಯಲ್ಲಿ ವಿವರಿಸಿದ: ಇದು ನಿಮ್ಮ ಚಹಾದ ಹೊತ್ತು, ನಮ್ಮ ನಡುವೆ ಬಂದರೆ ನೀರೂ ಕುಡಿಯುವ ಹಾಗಿಲ್ಲ, ಪಾಪ ಎಂದು ಕರೆಯಲಿಲ್ಲ. ನಮ್ಮದು ಒಂದು ಮರ್ಯಾದೆ, ಅವರದು ಇನ್ನೊಂದು. ಎರಡರ ನಡುವೆ ಸಾಯುತ್ತಿದ್ದದ್ದು ನನ್ನ ವೀಸಾ.

ಅಷ್ಟರಲ್ಲಿ ಗೋಲು ಕಾಯುತ್ತಿದ್ದವರನ್ನು ನೋಡಿದೆ. ಬಿಳಿ ನಿಲುವಂಗಿಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿಕೊಂಡಿದ್ದ ಸಾಕ್ಷಾತ್ ಕಫೀಲ್. ಚೆಂಡು ಅವರನ್ನು ದಾಟಿ ಹೋಗುವಾಗ ದೊಡ್ಡ ಮನಸ್ಸಿನಿಂದ ದಾರಿ ಬಿಡುತ್ತಿದ್ದರು. ನಮ್ಮ ನಿಜವಾದ ಗೋಲ್‌ಕೀಪರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಅವನಿಗೆ ಅಭ್ಯಾಸವಿಲ್ಲದಿದ್ದರೆ ಮ್ಯಾಚ್ ಹೋಯಿತು. ಒಡೆಯರನ್ನು ಎಬ್ಬಿಸಿದರೆ ಈಗಲೇ ಹೋದೆ. ಅತ್ತ ದರಿ, ಇತ್ತ ಪುಲಿ.

“ಸಾಹೇಬ್, ನೀವು ಹೊರಗೆ ಬನ್ನಿ. ಅವನು ನಿಲ್ಲಲಿ,” ಎಂದುಬಿಟ್ಟೆ.

ಆಟ ನಿಂತಿತು. ಕಫೀಲ್ ನನ್ನನ್ನೇ ನೋಡಿದರು.

“ಮತ್ತೆ ನಾನೆಲ್ಲಿ ನಿಲ್ಲಲಿ?”

“ಎಡಗಡೆ, ಹಿಂದೆ. ಚೆಂಡು ಬಂದರೆ ಒದೆಯಿರಿ.”

ಹೋಗಿ ನಿಂತರು! “ಯಲ್ಲಾ, ಶುರುಮಾಡಿ!” ಎಂದು ಅವರೇ ಕೂಗಿದರು. ಅಂದಿನಿಂದ ದಿನವೂ ಅಜಾನ್ ಕೇಳುವ ತನಕ ನಾನೂ ಬಾಯಿ ಒಣಗಿಸಿಕೊಂಡು ಆಡಿಸಿದೆ. ಮೊದಲ ಖರ್ಜೂರವನ್ನು ಹುಡುಗರು ನನ್ನ ಕೈಗೇ ಇಡುತ್ತಿದ್ದರು.

ಇಷ್ಟೆಲ್ಲ ಮಾಡಿ ಮ್ಯಾಚ್ ಸೋತೆವು. ಕಷ್ಟಪಟ್ಟು ಸೋತೆವು ಎನ್ನಲೂ ಆಗದಷ್ಟು ಸಲೀಸಾಗಿ. ಪ್ರಿನ್ಸಿಪಾಲರು ಸುಮಾರು ಉತ್ಸಾಹದಿಂದಲೇ ನನ್ನನ್ನು ಕಫೀಲರ ಮುಂದೆ ಒಯ್ದು, ಈ ಪೋಸ್ಟ್ ಯಾಕೆ ದಂಡ ಎಂದು ವಿವರಿಸಿದರು. ಕಫೀಲ್ ಪೂರ್ತಿ ಕೇಳಿಸಿಕೊಂಡರು.

“ಇವರನ್ನು ಕಳಿಸಿದರೆ, ಮುಂದಿನ ರಂಜಾನಿಗೆ ನಾನು ಎಲ್ಲಿ ನಿಲ್ಲಬೇಕು ಅಂತ ಯಾರು ಹೇಳ್ತಾರೆ? ನೀವಾ?”

ಪ್ರಿನ್ಸಿಪಾಲರು ನೆಲ ನೋಡಿದರು. ನನಗೆ ಕಣ್ಣು ತುಂಬಿ ಬಂತು. ಹೊರಗೆ ಬಂದವನೇ ಹೆಂಡತಿಗೆ ಫೋನ್ ಮಾಡಿದೆ. ಮಗಳ ಶಾಲೆ ಉಳಿಯಿತು ಎಂದೆ.

ಮರುದಿನ ಕಾಲೇಜಿಗೆ ಹೋದರೆ ಬಾಸ್ಕೆಟ್‌ಬಾಲ್ ರಿಂಗಿನ ಕೆಳಗೆ ಕಾರಿರಲಿಲ್ಲ. ಪ್ರಿನ್ಸಿಪಾಲರು ರೂವಿಗೂ ಹೋಗಿರಲಿಲ್ಲ.