ನೊಣ ಕೂರದ ಮೀನು

ಸರೋವರದ ದಂಡೆಯ ಹೋಮಾ ಬೇ ಊರಿನ ಮೀನುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ವ್ಯಾಪಾರ ಮಾಡುವ ಅಕೇಯೊಗೆ ಶಾಲೆ ಮೂರನೇ ತರಗತಿಗೇ ಮುಗಿದಿತ್ತು. ಆದರೆ ಮೀನಿನ ಕಿವಿರು ಎತ್ತಿ ನೋಡಿದರೆ ಸಾಕು, ಅದು ಬೆಳಗಿನದೋ ನಿನ್ನೆಯದೋ ಹೇಳಿಬಿಡುವಳು. ಅವಳ ತಾಯಿಯೂ ಮೀನು ಮಾರಿದವಳೇ. "ನೊಣ ಸುಳ್ಳು ಹೇಳಲ್ಲ ಕಣೇ. ನೊಣ ಒಲ್ಲೆ ಅಂದ ಮೀನಿಗೆ ಯಾರೋ ಔಷಧಿ ಹೊಡ್ದವ್ರೆ ಅಂತ ತಿಳ್ಕೊ" ಎಂದು ಸಾಯುವವರೆಗೂ ಹೇಳುತ್ತಿದ್ದಳು. ಆ ಮಾತಿಗೆ ಅಕೇಯೊ ಎಂದೂ ಎದುರಾಡಿರಲಿಲ್ಲ.

ಪಕ್ಕದ ಹಲಗೆ ರಿಸ್ಪಾಳದು. ಮದುವೆಯಾಗಿ ಬಂದ ಹೆಂಗಸರನ್ನು ಅಲ್ಲಿ ತವರಿನ ಹೆಸರಿಂದಲೇ ಕರೆಯುತ್ತಾರೆ. ಅವಳು ನ್ಯಾರ್ ಉಯೋಮ, ಎಂದರೆ ಉಯೋಮದ ಮಗಳು. ಅಕೇಯೊ ನ್ಯಾರ್ ಗೆಮ್. ಹದಿನೈದು ವರ್ಷ ಇಬ್ಬರಿಗೂ ಒಂದೇ ಕೊಡೆಯ ನೆರಳು. ಅಕೇಯೊಳ ಗಂಡ ತೀರಿಕೊಂಡ ತಿಂಗಳು ಎರಡೂ ಹಲಗೆಯ ಮೀನು ಮಾರಿ, ಸಂಜೆ ಅವಳ ಮನೆಗೆ ಬಂದು ಉಗಾಲಿ ಮುದ್ದೆ ತಿರುವಿ ಮಕ್ಕಳಿಗೆ ಉಣ್ಣಿಸಿ ಹೋದವಳು ರಿಸ್ಪಾ. ಹೀಗಿದ್ದವರ ನಡುವೆ ಒಂದು ಪೆಟ್ಟಿಗೆ ಬಂತು.

ಹೆಂಗಸರ ಸಂಘದವರು ತಂದ ಹಳದಿ ಬಣ್ಣದ ಸೋಲಾರ್ ತಂಪುಪೆಟ್ಟಿಗೆ. ಮೊದಲು ಅಕೇಯೊಳನ್ನೇ ಕೇಳಿದ್ದರು. "ಸತ್ತ ಮೀನಿಗೆ ಹಾಸಿಗೆ ಬೇರೆ ಹಾಸ್ಬೇಕಾ?" ಎಂದು ಅವಳು ಕಟ್ಟೆಯೆಲ್ಲ ನಗುವಂತೆ ಹೇಳಿ ಕಳಿಸಿದ್ದಳು. ರಿಸ್ಪಾ ತೆಗೆದುಕೊಂಡಳು. ಬೆಳಿಗ್ಗೆ ಮೀನಿನ ಚಿತ್ರ ತೆಗೆದು ಫೋನಿನಲ್ಲಿ ಹಾಕುವಳು. ಟೀಚರಮ್ಮಂದಿರು, ನರ್ಸುಗಳು ಕೂತಲ್ಲಿಂದಲೇ ಬೇಕೆನ್ನುವರು. ಬೋಡಾ ಎಂಬ ಬಾಡಿಗೆ ಬೈಕಿನವನು ಒಯ್ದು ಕೊಡುವನು. ಗಿರಾಕಿಗಳು ಅಕೇಯೊಳ ಹಲಗೆ ದಾಟಿ ಹೋಗುತ್ತಿದ್ದ ಕಾಲವೂ ಹೋಗಿ, ಕಟ್ಟೆಗೇ ಬಾರದ ಕಾಲ ಬಂತು. ಅಕೇಯೊಗೆ ಹೊಟ್ಟೆ ಉರಿಯಿತು. ಅದನ್ನು ಬೇರೆ ಹೆಸರಿನಿಂದ ಕರೆದು ಪ್ರಯೋಜನವಿಲ್ಲ.

ಒಂದು ಮಧ್ಯಾಹ್ನ ರಿಸ್ಪಾ ಪೆಟ್ಟಿಗೆಯಿಂದ ಜಿಲೇಬಿ ಮೀನು ತೆಗೆದು ಹಲಗೆಯ ಮೇಲೆ ಜೋಡಿಸಿ ನೀರಿಗೆ ಹೋದಳು. ಅಕೇಯೊಳ ಮೀನಿಗೆ ನೊಣ ಮುತ್ತಿತ್ತು. ರಿಸ್ಪಾಳ ಮೀನಿನ ಮೇಲೆ ಒಂದೂ ಇಲ್ಲ. ಅಕೇಯೊ ಫೋನು ತೆಗೆದು ವಿಡಿಯೋ ಮಾಡಿದಳು. ಮೊದಲು ತನ್ನ ಹಲಗೆ, ಆಮೇಲೆ ಪಕ್ಕದ್ದು, ಕೊನೆಗೆ ಹಳದಿ ಪೆಟ್ಟಿಗೆ. "ನೋಡ್ರವ್ವ, ನೊಣಕ್ಕೂ ಬ್ಯಾಡ್ವಾದ ಮೀನು! ಅದ್ಯಾವ್ ಔಷಧಿ ಹೊಡ್ದವ್ಳೋ, ತಿಂದೋರ್ ಗತಿ ದೇವ್ರೇ ಬಲ್ಲ." ಮುಖ ತೋರಿಸಲಿಲ್ಲ. ಚರ್ಚಿನಲ್ಲಿ ಜೊತೆಗೆ ಹಾಡುವ ಹೆಂಗಸರ ಗುಂಪಿಗೆ ಕಳಿಸಿ ಫೋನನ್ನು ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡಳು.

ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎನ್ನುತ್ತಾರೆ. ಈಗ ಊರಿನ ಬಾಯಿ ಪ್ರತಿಯೊಬ್ಬರ ಅಂಗೈಯಲ್ಲಿದೆ. ಎರಡೇ ದಿನದಲ್ಲಿ ಆ ವಿಡಿಯೋ ಕಿಸುಮು ಪಟ್ಟಣ ದಾಟಿ ರಾಜಧಾನಿ ನೈರೋಬಿ ಮುಟ್ಟಿತು. ಯಾರೋ ಹಾಡು ಸೇರಿಸಿದರು, ಯಾರೋ ರಿಸ್ಪಾಳ ಹೆಸರು ಸೇರಿಸಿದರು, ಮತ್ತ್ಯಾರೋ ಅವಳ ನಂಬರನ್ನೂ ಹಾಕಿದರು. ಟೀಚರಮ್ಮಂದಿರು ಮೀನು ಬೇಡವೆಂದರು. ಬೋಡಾದವನು ಅವಳ ಬುಟ್ಟಿ ಮುಟ್ಟಲು ಹೆದರಿದ. ಆರೋಗ್ಯ ಕಚೇರಿಯವರು ಬಂದು ಪರೀಕ್ಷೆ ಮಾಡಿ, ಔಷಧಿಯ ಗುರುತೂ ಇಲ್ಲವೆಂದು ಬರೆದು ಮೊಹರು ಹಾಕಿ ಕೊಟ್ಟರು. ರಿಸ್ಪಾ ಅದನ್ನು ಪೆಟ್ಟಿಗೆಗೆ ಅಂಟಿಸಿದಳು. ಆ ಕಾಗದವನ್ನು ಯಾರೂ ಯಾರಿಗೂ ಕಳಿಸಲಿಲ್ಲ.

ಅಕೇಯೊ ಕಾಗದವನ್ನು ನಂಬಲಿಲ್ಲ. ಕಚೇರಿಯವರಿಗೆ ಏನಾದರೂ ತಿನ್ನಿಸಿರಬೇಕು ಎಂದುಕೊಂಡಳು. ಆದರೂ "ಇದ್ನ ತೆಗ್ದೋಳು ಯಾವಳೋ" ಎಂದು ಕಟ್ಟೆಯಲ್ಲಿ ಮಾತು ಬಂದಾಗೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳುವಳು. ಗಿರಾಕಿಗಳು ಈಗ ಅವಳ ಹಲಗೆಗೆ ಬಂದು, ನೊಣ ಇದೆಯೇ ಎಂದು ಬಗ್ಗಿ ನೋಡಿ, "ಹಾಂ, ಇದು ಮೀನು!" ಎನ್ನುತ್ತಿದ್ದರು.

ಒಂದು ಸಂಜೆ ಅವಳ ಬುಟ್ಟಿಯಲ್ಲಿ ಮೀನು ಮಿಕ್ಕಿತ್ತು. ರಿಸ್ಪಾ ಕಂಡು, "ನ್ಯಾರ್ ಗೆಮ್, ನನ್ ಪೆಟ್ಗೆ ಖಾಲಿ ಬಿದ್ದದೆ. ಹಾಳ್ಮಾಡ್ಬ್ಯಾಡ, ಅದ್ರಲ್ಲಿಕ್ಕು" ಎಂದಳು. ಬೇಡವೆಂದರೆ ಅನುಮಾನ ಬಂದೀತೆಂದು ಅಕೇಯೊ ಇಟ್ಟಳು.

ಮರುದಿನ ಬೆಳಿಗ್ಗೆ ತಾನೇ ತೆಗೆದು ತನ್ನ ಹಲಗೆಯ ಮೇಲೆ ಹರಡಿದಳು. ಕೈ ಮರಗಟ್ಟುವಷ್ಟು ತಣ್ಣಗಿತ್ತು ಮೀನು. ನೊಣವೊಂದು ಬಂದು, ಸುತ್ತು ಹಾಕಿ, ಹಾರಿಹೋಯಿತು. ಇನ್ನೊಂದೂ ಹಾಗೇ ಹೋಯಿತು. ತನ್ನ ಕೈಯಿಂದಲೇ ತೊಳೆದ, ತಾನೇ ಇಟ್ಟ ಮೀನು. ಔಷಧಿಯಲ್ಲ, ಬರಿಯ ಚಳಿ. ಅಕೇಯೊ ಬಗ್ಗಿ ಒಂದೊಂದೇ ಮೀನಿನ ಕಿವಿರು ಎತ್ತಿ ನೋಡಿದಳು. ಸತ್ತ ತಾಯಿಯ ಮೇಲೂ ಒಂದು ಗಳಿಗೆ ಸಿಟ್ಟು ಬಂತು. ತಪ್ಪು ತಾಯಿಯದಲ್ಲವೆಂದು ಮರುಗಳಿಗೆಗೇ ನಾಚಿಕೆಯಾಯಿತು.

ಕಟ್ಟೆ ಖಾಲಿಯಾಗುವ ತನಕ ಕಾದು ರಿಸ್ಪಾಳ ಎದುರು ನಿಂತಳು. "ನ್ಯಾರ್ ಉಯೋಮ, ಆ ವಿಡಿಯೋ..."

"ನೀನು ಅಂತ ಗೊತ್ತು" ಎಂದಳು ರಿಸ್ಪಾ, ಮೀನಿನ ಪೊರೆ ಹೆರೆಯುವುದನ್ನು ನಿಲ್ಲಿಸದೆ. "ಹದಿನೈದ್ ವರ್ಷದಿಂದ ಪಕ್ದಲ್ಲಿ ಕೂಗ್ತಿದ್ದೀಯ. ನಿನ್ ದನಿ ನಂಗೆ ತಿಳೀಲ್ವಾ?"

"ಗೊತ್ತಿದ್ದೂ ಪೆಟ್ಗೇಲಿ ಇಡು ಅಂದ್ಯಲ್ಲ?"

"ಹೇಳಿದ್ರೆ ನಂಬ್ತಿದ್ಯಾ? ನೀನೇ ನೋಡ್ಲಿ ಅಂತಂದೆ."

ಬೈದಿದ್ದರೆ, ಜಡೆ ಹಿಡಿದು ಎಳೆದಿದ್ದರೆ ಅಕೇಯೊ ಬದುಕಿಕೊಳ್ಳುತ್ತಿದ್ದಳು. ಅವಳು ಮಣ್ಣಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡಳು. ಅಂದೇ ಇನ್ನೊಂದು ವಿಡಿಯೋ ಮಾಡಿ ಅದೇ ಗುಂಪಿಗೆ ಕಳಿಸಿದಳು. ಈ ಸಲ ಮುಖ ತೋರಿಸಿದಳು, ತಪ್ಪು ತನ್ನದೆಂದಳು, ತಣ್ಣನೆಯ ಮೀನಿಗೆ ನೊಣ ಕೂರುವುದಿಲ್ಲವೆಂದು ಬಿಡಿಸಿ ಹೇಳಿದಳು. ಗುಂಪಿನ ಹೆಂಗಸರು ನೋಡಿ ಸುಮ್ಮನಾದರು. ಅದು ಅಲ್ಲಿಂದ ಕದಲಲಿಲ್ಲ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಅಲ್ಲಿಂದಾಚೆಗೆ ಬಂದ ಗಿರಾಕಿಗೆಲ್ಲ ರಿಸ್ಪಾಳ ಮೀನೇ ಒಳ್ಳೆಯದೆಂದು ಅಕೇಯೊ ಬಾಯಿಬಿಟ್ಟು ಹೇಳತೊಡಗಿದಳು. ಮೊನ್ನೆ ಹೊಸ ಹೆಂಗಸೊಬ್ಬಳು ಬಂದು ಅವಳ ಮೀನಿಗೆ ಕೈ ಹಾಕಿದಳು.

"ಪಕ್ದಲ್ಲಿ ತಗೊಳವ್ವ, ಅದು ಇದಕ್ಕಿಂತ ಚೆನ್ನಾಗದೆ" ಎಂದಳು ಅಕೇಯೊ.

"ಅವಳ ಹತ್ರಾನಾ? ನೀನು ನೋಡಿಲ್ವಾ ಇದ್ನ?" ಎಂದು ಹೆಂಗಸು ಫೋನು ಎತ್ತಿ ಹಿಡಿದು ಜೋರಾಗಿ ಹಚ್ಚಿದಳು.

ಎರಡೂ ಹಲಗೆಯ ನಡುವೆ ಅಕೇಯೊಳ ದನಿ ಮೊಳಗಿತು. ರಿಸ್ಪಾ ತಲೆ ಎತ್ತಲಿಲ್ಲ. ಕಳಿಸಿದ ದಿನದಿಂದ ಅಕೇಯೊ ಅದನ್ನು ಪೂರ್ತಿ ಕೇಳಿರಲಿಲ್ಲ. ಮಾತು ಮುಗಿದ ಮೇಲೂ ಅದು ಓಡುತ್ತಿತ್ತು. ಕೊನೆಯಲ್ಲಿ ಯಾರೋ ಮೆಲ್ಲಗೆ, ಖುಷಿಯಾಗಿ ನಗುತ್ತಿದ್ದರು.

"ಆ ದನಿ ನಂದೇ ಕಣವ್ವ" ಎಂದಳು ಅಕೇಯೊ. "ನಾನ್ ಹೇಳಿದ್ದು ಸುಳ್ಳು."

ಹೆಂಗಸು ಫೋನನ್ನೂ ಅವಳ ಮುಖವನ್ನೂ ನೋಡಿದಳು. "ಸರಿ, ತಿಳೀದೆ ಅಂದೆ ಅನ್ಕೊಳ್ಳೋಣ. ಮತ್ತೆ ನಗ್ತಿದ್ಯಲ್ಲ, ಯಾಕೆ?"

ಪಕ್ಕದ ಹಲಗೆಯಲ್ಲಿ ರಿಸ್ಪಾಳ ಚಾಕು ನಿಂತಿತ್ತು. ಅವಳೂ ಉತ್ತರಕ್ಕಾಗಿ ಕಾಯುತ್ತಿದ್ದಳು.